ಡೋರ್ನಕಲ್ಲಿನ ಬಿಷಪ್ ಅಜರಯ್ಯನವರಿಗೆ

ಪೂಜ್ಯ ಅಯ್ಯನವರೇ,

ನೀವು ತೀರಿಕೊಂಡಿದ್ದು 1945ರ ಜನವರಿ 1ರಂದು. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಎಂದು ಇಂದಿಗೂ ನಿಮ್ಮನ್ನು ಕೊಂಡಾಡುತ್ತೇವೆ. ಆ ಮಾತು ಕೇಳಿದಾಗಲೆಲ್ಲ ನನಗೆ ಹೆಮ್ಮೆಯ ಜೊತೆಗೆ ಸಂಕಟವೂ ಆಗುತ್ತದೆ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ ಕೆಥೆಡ್ರಲ್‌ನಲ್ಲಿ ನಿಮಗೆ ದೀಕ್ಷೆಯಾಯಿತು. ಅಂದಿನಿಂದ ನಿಮ್ಮ ಕೊನೆಯ ದಿನದವರೆಗೆ, ಒಂದು ಸಭಾಪ್ರಾಂತ್ಯದ ಹೊಣೆ ಹೊತ್ತ ಭಾರತೀಯ ಆಂಗ್ಲಿಕನ್ ಬಿಷಪ್ ನೀವೊಬ್ಬರೇ. ಇನ್ನೊಬ್ಬ ಭಾರತೀಯನಿಗೆ ಆ ಹೊಣೆ ಒಪ್ಪಿಸಲು ಮೂವತ್ತೆರಡು ವರ್ಷವೂ ಸಭೆಯ ಬಿಳಿಯ ನಾಯಕರಿಗೆ ಸಾಲಲಿಲ್ಲ!

ಅವರ ಈ ಹಿಂಜರಿಕೆ ನಿಮಗೆ ಮೊದಲೇ ಗೊತ್ತಿತ್ತೆಂದು ತೋರುತ್ತದೆ. 1910ರಲ್ಲಿ ಎಡಿನ್‌ಬರೊದ ವಿಶ್ವ ಮಿಷನರಿ ಸಮ್ಮೇಳನದಲ್ಲಿ ನಿಮಗಿನ್ನೂ ಮೂವತ್ತೈದು ವರ್ಷ. ಎದುರಿಗೆ ಕೂತವರಲ್ಲಿ ಬಹುಪಾಲು ಬಿಳಿಯರು. ಅವರ ತ್ಯಾಗವನ್ನು ಮನಸಾರೆ ನೆನೆದಿರಿ. ಆದರೆ ಮಿಷನರಿಗೂ ಭಾರತೀಯ ಸೇವಕನಿಗೂ ನಡುವೆ ಇರುವ ದೂರವನ್ನು ಮುಚ್ಚಿಡಲಿಲ್ಲ. ಪ್ರೀತಿಯ ಜೊತೆಗೆ ಸ್ನೇಹಿತರನ್ನೂ ಕೊಡಿ ಎಂದು ಕೇಳಿಬಿಟ್ಟಿರಿ. ಕೆಲವರಿಗೆ ಸಿಟ್ಟು ಬಂತು. ನೀವು ಮಾತು ಹಿಂತೆಗೆದುಕೊಳ್ಳಲಿಲ್ಲ.

ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯ ಸಭಾಪಾಲಕರ ಮಗ ನೀವು, ಮೇಲ್ಜಾತಿಯವರು ದೇವಸ್ಥಾನದ ಹೊರಗೇ ನಿಲ್ಲಿಸಿದ್ದ ನಾಡಾರ್ ಸಮುದಾಯದವರು. ನಿಜಾಮರ ಸೀಮೆಯ ಡೋರ್ನಕಲ್ಲಿಗೆ ಬಂದು ತೆಲುಗು ಕಲಿತಿರಿ; ಎತ್ತಿನ ಗಾಡಿಯಲ್ಲಿ ಹಳ್ಳಿ ಹಳ್ಳಿ ಸುತ್ತಿದಿರಿ. ಮಾಲ, ಮಾದಿಗ ಎಂಬ ಜಾತಿಭೇದ ಸಭೆಯೊಳಗೆ ಸಲ್ಲದೆಂದು ಪಟ್ಟು ಹಿಡಿದಿರಿ. ಅಕ್ಷರದಿಂದ ದೂರ ಇಟ್ಟ ಕೇರಿಗಳಿಂದಲೇ ಉಪದೇಶಿಗಳು, ಶಾಲೆಯ ಮೇಷ್ಟ್ರುಗಳು ಹೊರಟರು. ಮತಾಂತರದ ವಿಷಯದಲ್ಲಿ ಗಾಂಧೀಜಿಗೂ ನಿಮಗೂ ಹೊಂದಲಿಲ್ಲ. ಹಾಗೆಂದು ನೀವು ಬ್ರಿಟಿಷರ ಕಡೆ ವಾಲಿದವರೂ ಅಲ್ಲ. ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡವೆಂದವರು.

1939ರಲ್ಲಿ ಪ್ರತಿಷ್ಠೆಯಾದ ನಿಮ್ಮ ಎಪಿಫನಿ ಕೆಥೆಡ್ರಲ್‌ನಲ್ಲಿ ಮಸೀದಿಯ ಗುಮ್ಮಟವೂ ಇದೆ, ದೇವಸ್ಥಾನದ ಮಂಟಪದಂಥ ಕಂಬಸಾಲೂ ಇದೆ. ಕ್ರೈಸ್ತನಾಗಲು ಈ ನೆಲವನ್ನು ಬಿಟ್ಟುಕೊಡಬೇಕಿಲ್ಲ ಎಂಬ ನಿಮ್ಮ ನಂಬಿಕೆಯೇ ಅಲ್ಲಿ ಕಲ್ಲಾಗಿ ನಿಂತಿದೆ.

ನೀವು ದುಡಿದು ಕಾದಿದ್ದ ಸಭೈಕ್ಯ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಕೈಗೂಡಿತು. ಆಂಗ್ಲಿಕನ್ನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಸಭೆಯವರು ಒಂದಾಗಿ ದಕ್ಷಿಣ ಭಾರತ ಸಭೆ ಹುಟ್ಟಿತು. ಅದರ ಮೊದಲ ಸಭಾಪ್ರಾಂತ್ಯಗಳಲ್ಲಿ ನಮ್ಮ ಮೈಸೂರೂ ಒಂದು. ಮೂರು ವರ್ಷ ಹೆಚ್ಚು ಬದುಕಿದ್ದರೆ ಅದನ್ನು ನೀವೇ ಕಾಣುತ್ತಿದ್ದಿರಿ.

ಅಯ್ಯನವರೇ, ಈಗ ನಮ್ಮ ಬಿಷಪರೆಲ್ಲ ಇಲ್ಲಿಯವರೇ. ಆದರೂ ಸಭೆಯ ಚುನಾವಣೆ ಬಂತೆಂದರೆ ಜಾತಿಯ ಲೆಕ್ಕ ಶುರುವಾಗುತ್ತದೆ. ಕೆಲವೆಡೆ ಸಮಾಧಿ ನೆಲವೂ ಜಾತಿಗೊಂದು. ಬಿಳಿಯರನ್ನು ನೀವು ಕೇಳಿದ ಸ್ನೇಹವನ್ನು ನಾವು ನಮ್ಮವರಿಗೇ ಕೊಟ್ಟಿಲ್ಲ. ನಿಮ್ಮ ಎಡಿನ್‌ಬರೊ ಭಾಷಣವನ್ನು ನಮ್ಮ ಸಂಡೇ ಸ್ಕೂಲುಗಳಲ್ಲಿ ಕನ್ನಡದಲ್ಲಿ ಓದಿಸಬೇಕೆಂಬುದು ನನ್ನ ಆಸೆ. ಸಭಾ ಸಮಿತಿಯ ಹಿರಿಯರೂ ಮಕ್ಕಳ ಪಕ್ಕದಲ್ಲೇ ಕೂತು ಕೇಳಲಿ.

ಇತಿ,
ನಿಮ್ಮ ಸಭೆಯ ಒಬ್ಬ ಕನ್ನಡಿಗ