ಅರ್ಧ ಕಿಲೋ ರಬ್ಬರು

ಬಳ್ಳಾರಿ ಜಾಲಿಗೆ ಊರಿಗೊಂದು ಹೆಸರು. ದಿಲ್ಲಿಯವರು ವಿಲಾಯತಿ ಕೀಕರ್ ಅನ್ನುತ್ತಾರೆ, ಹೈದರಾಬಾದಿನವರು ಸರ್ಕಾರ್ ತುಮ್ಮ, ಚೆನ್ನೈಯವರು ಸೀಮೈ ಕರುವೇಲಂ. ನಾನಿರುವ ಪುಣೆಯಲ್ಲಿ ವೇಡೀ ಬಾಭೂಳ, ಅಂದರೆ ಹುಚ್ಚು ಜಾಲಿ. ಅಮೆರಿಕ ಖಂಡದ ಬಿಸಿ ಸೀಮೆಗಳಿಂದ ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿಗೆ ಬಂದು ಬೇರು ಬಿಟ್ಟ ಗಿಡ. ನಮ್ಮ ನಿಮ್ಮ ಹಾಗೆಯೇ ವಲಸೆ ಬಂದದ್ದು, ನಮಗಿಂತ ಚೆನ್ನಾಗಿ ನೆಲೆ ನಿಂತದ್ದು. ಸುಳ್ಯದ ಕಡೆ ಹುಟ್ಟಿ ಬೆಳೆದ ನನಗೆ ಅದರ ಪರಿಚಯ ಇರಲಿಲ್ಲ. ನಮ್ಮಲ್ಲಿ ದಾರಿಯ ಮುಳ್ಳು ಅಂದರೆ ನಾಚಿಕೆ ಮುಳ್ಳು. ಕಾಲಿಗೆ ಗೀರುತ್ತದೆ, ಉರಿಯುತ್ತದೆ, ಮುಗಿಯಿತು. ಹುಚ್ಚು ಜಾಲಿಯ ಮುಳ್ಳು ಒಣಗಿದ ಮೇಲೆ ಮೊಳೆಯೇ. ಚಪ್ಪಲಿಯ ಅಟ್ಟೆ ದಾಟುವ ಮುಳ್ಳಿಗೆ ಸೈಕಲ್ಲಿನ ಟೈರು ಯಾವ ಲೆಕ್ಕ?

ನಾನು ಓಡಿಸುವುದು ಗ್ರಾವೆಲ್ ಬೈಕ್. ರೇಸ್ ಸೈಕಲ್ಲಿನ ಬಾಗಿದ ಹ್ಯಾಂಡಲ್ಲು, ಅದಕ್ಕಿಂತ ಅಗಲದ ಟೈರು, ಡಾಂಬರಾದರೂ ಸರಿ ಮಣ್ಣಾದರೂ ಸರಿ ಎನ್ನುವ ಜಾತಿ. ಪುಣೆಯಿಂದ ಪಶ್ಚಿಮಕ್ಕೆ ಮುಳಶಿ, ಪಾನಶೇತ್ ಕಡೆ ಹೋದರೆ ಮಳೆ ಹೆಚ್ಚು, ಕಲ್ಲು ಹೆಚ್ಚು, ಮುಳ್ಳು ಕಡಿಮೆ. ಪೂರ್ವಕ್ಕೆ ಸಾಸವಡ, ಜೇಜುರಿ, ದೌಂಡ್ ಕಡೆ ಹೋದಷ್ಟೂ ನೆಲ ಒಣಗುತ್ತ ಬಂದು ಜಾಲಿ ಶುರುವಾಗುತ್ತದೆ. ನನಗೆ ಇಷ್ಟ ಪೂರ್ವವೇ. ಖಡಕವಾಸಲಾದಿಂದ ಹೊರಟು ದೌಂಡ್, ಇಂದಾಪುರದ ಕಡೆಗೆ ಹೋಗುವ ಮುಠಾ ಬಲದಂಡೆ ಕಾಲುವೆ ಇದೆಯಲ್ಲ, ಊರು ದಾಟಿದ ಮೇಲೆ ಅದರ ಪಕ್ಕದ ಮಣ್ಣುದಾರಿ ಸಿಕ್ಕಿದರೆ ಬೇರೇನೂ ಬೇಡ. ಲಾರಿ ಇಲ್ಲ, ಹಾರ್ನ್ ಇಲ್ಲ. ಕೊಕ್ಕರೆ ಇವೆ, ಕಬ್ಬಿನ ತಂಪು ಇದೆ. ಆದರೆ ಹೊಲದವರು ಬೇಲಿಗೆಂದು ಕಡಿದು ಎಳೆದುಕೊಂಡು ಹೋದ ಜಾಲಿ ಕೊಂಬೆಗಳ ಮುಳ್ಳು ದಾರಿಯುದ್ದಕ್ಕೂ ಉದುರಿರುತ್ತದೆ. ಅದು ಸಾಲದೆಂದು ನೆಗ್ಗಿಲು. ನೆಲಕ್ಕೆ ಹಬ್ಬುವ ಬಳ್ಳಿ, ಹಳದಿ ಹೂವು, ನೋಡಲು ಪಾಪದ್ದು. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಆಕಾಶ ನೋಡುತ್ತಲೇ ನಿಲ್ಲುತ್ತದೆ. ಅಮೆರಿಕದ ಒಣ ರಾಜ್ಯಗಳ ಸೈಕಲ್ಲಿನವರು ಗೋಟ್‌ಹೆಡ್ ಎಂದು ಶಪಿಸುವುದು ಇದನ್ನೇ.

ಪಂಕ್ಚರ್ ಆದರೆ ಏನೀಗ, ಟ್ಯೂಬು ಬದಲಾಯಿಸಿ ಮುಂದೆ ಹೋಗುವುದು ಎಂದು ನಮ್ಮ ಗುಂಪಿನ ಗಂಡಸರು ಹೇಳುತ್ತಾರೆ. ನಿಜ, ಹತ್ತು ನಿಮಿಷದ ಕೆಲಸ. ನನಗೂ ಬರುತ್ತದೆ, ಅವರಲ್ಲಿ ಕೆಲವರಿಗಿಂತ ಬೇಗವೇ ಬರುತ್ತದೆ. ಆದರೆ ವಾರದ ದಿನ ಗುಂಪು ಇರುವುದಿಲ್ಲ. ಒಂಬತ್ತೂವರೆಗೆ ಆಫೀಸಿನ ಮೊದಲ ಮೀಟಿಂಗು. ಅಷ್ಟರೊಳಗೆ ಐವತ್ತು ಕಿಲೋಮೀಟರ್ ಮುಗಿಯಬೇಕಾದರೆ ಐದಕ್ಕೆ ಮನೆ ಬಿಡಬೇಕು, ಒಬ್ಬಳೇ.

ಎರಡು ವರ್ಷದ ಹಿಂದಿನ ಮಾತು, ಆಗಿನ್ನೂ ಟ್ಯೂಬು ಇತ್ತು. ಕಾಲುವೆ ದಂಡೆಯಲ್ಲಿ ಹಿಂದಿನ ಚಕ್ರ ಕುಳಿತಿತು. ಬೆಳಕು ಹರಿದಿರಲಿಲ್ಲ. ಚಕ್ರ ಕಳಚಿ, ಮುಳ್ಳು ಹುಡುಕುತ್ತ ಕೂತಿದ್ದೆ. ಮೋಟರ್ ಬೈಕಿನಲ್ಲಿ ಇಬ್ಬರು ಹಾದುಹೋದರು. ಸ್ವಲ್ಪ ದೂರ ಹೋಗಿ ನಿಧಾನ ಮಾಡಿದರು. ತಿರುಗಿಸಿದರು. ಚಕ್ರ ಕಳಚಿದ ಸೈಕಲ್ಲನ್ನು ಹತ್ತಿ ಓಡಲಾಗುವುದಿಲ್ಲ, ಬಿಟ್ಟು ಓಡಿದರೂ ಎಲ್ಲಿಗೆ? ಹತ್ತಿರ ಬಂದಾಗ ಎರಡೂ ಕಡೆ ಹಾಲಿನ ಕ್ಯಾನು ಕಂಡವು. “ಕಾಯ್ ಝಾಲಂ ತಾಯಿ?” ಎಂದು ಕೇಳಿ, ಒಬ್ಬ ಇಳಿದು ಮೊಬೈಲಿನ ಬೆಳಕು ಹಿಡಿದು ನಿಂತ. ನಾನು ಗಾಳಿ ಹೊಡೆದು ಮುಗಿಸುವವರೆಗೂ ಹೊರಡಲಿಲ್ಲ. ಒಳ್ಳೆಯ ಜನ. ಆದರೆ ಅವರ ಬೈಕು ತಿರುಗಿ ನನ್ನ ಹತ್ತಿರ ಬರುವವರೆಗಿನ ಅರ್ಧ ನಿಮಿಷದಲ್ಲಿ ನಾನು ಏನೇನು ಲೆಕ್ಕ ಹಾಕಿದ್ದೆ ಎಂಬುದು ಅವರಿಗೆ ಗೊತ್ತಿಲ್ಲ. ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಹಾಗಾಗಿ ಟೈರಿನ ವಿಷಯದಲ್ಲಿ ನನ್ನ ಲೆಕ್ಕ ಬೇರೆ. ಎಷ್ಟು ವೇಗ, ಎಷ್ಟು ಹಗುರ ಎಂಬುದು ಆಮೇಲೆ. ಎಷ್ಟು ನಿಮಿಷ ನಿಲ್ಲಬೇಕಾಗುತ್ತದೆ ಎಂಬುದು ಮೊದಲು.

ಅಮ್ಮನ ಸಲಹೆ ಇನ್ನೂ ಸುಲಭದ್ದು: “ಎಂತಕ್ಕೆ ಕತ್ತಲೆಗೆ ಹೋಗುದು? ಬೆಳಕು ಬಂದ ಮೇಲೆ ಹೋದ್ರೆ ಆಗುದಿಲ್ವಾ?” ಊರಲ್ಲಿ ನಮ್ಮ ರಬ್ಬರ್ ತೋಟಕ್ಕೆ ಟ್ಯಾಪಿಂಗಿಗೆ ಬರುವವರು ನಾಲ್ಕು ಗಂಟೆಗೇ ತಲೆಗೆ ಟಾರ್ಚು ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗುವುದನ್ನು ಅಮ್ಮ ದಿನಾ ನೋಡುತ್ತಾಳೆ. ಬಿಸಿಲೇರಿದರೆ ಹಾಲು ಇಳಿಯುವುದಿಲ್ಲ, ತಂಪಿದ್ದಾಗಲೇ ಆಗಬೇಕು. ನನ್ನದೂ ಹಾಗೇ ಅಂದೆ. “ಅವರಿಗೆ ಸಂಬಳ ಉಂಟು,” ಅಂದಳು.

ಟ್ಯೂಬ್‌ಲೆಸ್ ಎಂಬುದು ಕಾರಿನವರಿಗೆ ಹಳೆಯದು, ಬಿ. ಎಫ್. ಗುಡ್ರಿಚ್ ಕಂಪನಿ ಅದನ್ನು ಜಗತ್ತಿಗೆ ತೋರಿಸಿದ್ದು 1947ರಲ್ಲಿ. ಸೈಕಲ್ಲಿಗೆ ಅದು ಸರಿಯಾಗಿ ಬಂದದ್ದು 1999ರಲ್ಲಿ, ಫ್ರಾನ್ಸಿನ ಮಾವಿಕ್ ಕಂಪನಿಯ ಯುಎಸ್‌ಟಿ ವ್ಯವಸ್ಥೆಯೊಂದಿಗೆ, ಅದೂ ಮೌಂಟನ್ ಬೈಕುಗಳಿಗೆ. ರಿಮ್ಮಿನ ಕಡ್ಡಿ ತೂತುಗಳ ಮೇಲೆ ಗಾಳಿ ಹೋಗದ ಟೇಪು ಸುತ್ತುತ್ತಾರೆ. ಟೈರಿನ ಅಂಚು ರಿಮ್ಮಿಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಒಳಗೆ 60ರಿಂದ 90 ಮಿಲೀ ಸೀಲೆಂಟ್ ಎಂಬ ದ್ರವ. ಮುಳ್ಳು ಚುಚ್ಚಿದಾಗ ಗಾಳಿ ಆ ದ್ರವವನ್ನು ತೂತಿಗೆ ನೂಕುತ್ತದೆ, ಅದು ಅಲ್ಲೇ ಹೆಪ್ಪುಗಟ್ಟಿ ಮುಚ್ಚುತ್ತದೆ. ಚಕ್ರ ತಿರುಗುತ್ತಲೇ ಇರುತ್ತದೆ. ಹೆಚ್ಚಿನ ಸಲ ನಮಗೆ ಗೊತ್ತೂ ಆಗುವುದಿಲ್ಲ.

ಮೊದಲ ಬಾಟಲಿ ತೆರೆದಾಗ ಅಡುಗೆಮನೆ ತುಂಬ ಅಮೋನಿಯಾದ ವಾಸನೆ. ನನಗೆ ಅದು ಹೊಸದಲ್ಲ. ರಬ್ಬರ್ ಹಾಲು ಹೆಪ್ಪುಗಟ್ಟದೆ ದ್ರವವಾಗಿಯೇ ಉಳಿಯಬೇಕಾದರೆ ಅಮೋನಿಯಾ ಹಾಕಬೇಕು. ಶೀಟು ಮಾಡಬೇಕಾದರೆ ಫಾರ್ಮಿಕ್ ಆಸಿಡ್. ಬಹುತೇಕ ಸೀಲೆಂಟುಗಳೆಂದರೆ ಇದೇ ರಬ್ಬರ್ ಹಾಲು, ಜೊತೆಗೆ ತೂತಿಗೆ ಅಡ್ಡ ನಿಲ್ಲುವ ನಾರು, ಕಣ. ಮರಕ್ಕೆ ಕತ್ತಿ ಹಾಕಿದಾಗ ಹಾಲು ಎರಡು ಮೂರು ಗಂಟೆ ಇಳಿದು, ಆಮೇಲೆ ಗಾಯದ ಬಾಯಲ್ಲಿ ತಾನೇ ಕಟ್ಟಿಕೊಂಡು ನಿಲ್ಲುತ್ತದಲ್ಲ, ಅದೇ ಕೆಲಸವನ್ನು ಟೈರಿನ ಒಳಗೆ ಮಾಡಿಸುತ್ತಾರೆ. ಮಾರನೆಯ ದಿನ ಆ ಗೆರೆಯಿಂದ ಒಣಗಿದ ರಬ್ಬರಿನ ಎಳೆ ಬಿಡಿಸಿ, ಸುತ್ತಿ ಸುತ್ತಿ ಚೆಂಡು ಮಾಡುತ್ತಿದ್ದೆವು. ಅಂಗಳದಿಂದ ಮಾಡಿಗೆ ಹಾರುತ್ತಿದ್ದ ಆ ಚೆಂಡಿನ ನೆಂಟ ನನ್ನ ಚಕ್ರದಲ್ಲಿದೆ ಎಂದು ತಿಳಿದ ದಿನ ಅಪ್ಪನಿಗೆ ಫೋನು ಮಾಡಿದ್ದೆ. ಅವರು ಕೇಳಿದ್ದು ಒಂದೇ: “ಲೀಟರಿಗೆ ಎಷ್ಟು?” ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆದರೆ ಹಾಲು ಕೊನೆಯ ಕಾವಲು. ಮೊದಲ ಕಾವಲು ಟೈರೇ. ಅಂಗಡಿಯವರು ಮೊದಲು ತೋರಿಸುವುದು ಮೇಲಿನ ಗುಬ್ಬಿಗಳನ್ನು, ಅಂದರೆ ಹಿಡಿತದ ವಿನ್ಯಾಸವನ್ನು. ಮುಳ್ಳಿನ ಪ್ರಶ್ನೆಗೆ ಅದು ಅಷ್ಟು ಮುಖ್ಯವಲ್ಲ. ನೋಡಬೇಕಾದದ್ದು ರಬ್ಬರಿನ ಅಡಿಯ ಬಟ್ಟೆ. ಟಿಪಿಐ ಎಂದು ಬರೆದಿರುತ್ತಾರೆ, ಒಂದು ಇಂಚಿಗೆ ಎಷ್ಟು ನೂಲು ಎಂಬ ಲೆಕ್ಕ. 120 ಎಂದರೆ ನಯವಾದ ಪಂಚೆ, 60 ಎಂದರೆ ದಪ್ಪ ಖಾದಿ. ನಯವಾದದ್ದು ಮೃದುವಾಗಿ, ಚುರುಕಾಗಿ ಓಡುತ್ತದೆ. ದಪ್ಪದ್ದು ಒರಟು, ಆದರೆ ಕಲ್ಲಿಗೆ ಬೇಗ ಹರಿಯುವುದಿಲ್ಲ. ಈ ಬಟ್ಟೆಯ ಮೇಲೆ ಕಾಪಿನ ಪದರ ಇದೆಯೋ, ಇದ್ದರೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಕೆಲವದರಲ್ಲಿ ನಡುವಿನ ಪಟ್ಟಿಗೆ ಮಾತ್ರ, ಕೆಲವದರಲ್ಲಿ ಪಕ್ಕದ ಗೋಡೆಗೆ ಮಾತ್ರ. ಮ್ಯಾಕ್ಸಿಸ್ ರ್‍ಯಾಂಬ್ಲರ್ ಟೈರನ್ನೇ ನೋಡಿ: ಎಕ್ಸೋ ಎಂದು ಬರೆದಿದ್ದರೆ ಕಾಪು ಪಕ್ಕಗಳಿಗೆ, ಸಿಲ್ಕ್‌ಶೀಲ್ಡ್ ಎಂದಿದ್ದರೆ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ. ಹೆಸರು ಒಂದೇ, ವಿನ್ಯಾಸ ಒಂದೇ, ಒಳಗೆ ಬೇರೆ. ಬೇರೆ ಕಂಪನಿಗಳಲ್ಲೂ ಹೀಗೆ ಒಂದೇ ಹೆಸರಿನಡಿ ಎರಡು ಮೂರು ಬಗೆ ಇರುತ್ತವೆ. ಸಣ್ಣ ಅಕ್ಷರ ಓದದೆ ದುಡ್ಡು ಕೊಡಬಾರದು.

ಕಲ್ಲಿನ ಮುಳಶಿ ಕಡೆ ಹೋಗುವವರಿಗೆ ಪಕ್ಕದ ಗೋಡೆ ಮುಖ್ಯ, ಸೀಳುವುದು ಅಲ್ಲೇ. ಮುಳ್ಳಿನ ಜೇಜುರಿ ಕಡೆ ಹೋಗುವವರಿಗೆ ನಡುವಿನ ಪಟ್ಟಿ. ಎರಡೂ ಕಡೆ ಹೋಗುವ ನನ್ನಂಥವರಿಗೆ ಅಂಚಿನಿಂದ ಅಂಚಿಗೆ. ತೂಕ ಹೆಚ್ಚು, ಒಪ್ಪಿದೆ. 40 ಮಿಮೀ ಅಗಲದ ಹಗುರ ಟೈರು 450 ಗ್ರಾಂ ಆಸುಪಾಸಿಗೆ ಸಿಕ್ಕಿದರೆ ಗಟ್ಟಿಯದ್ದು ನೂರು ಗ್ರಾಂ ಮೇಲಕ್ಕೆ. ಏರಿನಲ್ಲಿ ಆ ನೂರು ಗ್ರಾಮಿನ ಬಗ್ಗೆ ದುಃಖಪಡುವವರು ಎರಡು ಲೀಟರ್ ನೀರು ಹೊತ್ತಿರುತ್ತಾರೆ ಎಂಬುದು ಬೇರೆ ಮಾತು. ನಾನು ಮಾಡಿದ್ದು ಇಷ್ಟು: ಹಿಂದೆ ಗಟ್ಟಿಯದ್ದು, ಮುಂದೆ ಸ್ವಲ್ಪ ಹಗುರದ್ದು. ಮೈಭಾರ ಬೀಳುವುದು ಹಿಂದೆ, ಮುಂದಿನ ಚಕ್ರ ಎಬ್ಬಿಸಿದ ಮುಳ್ಳು ಚುಚ್ಚುವುದೂ ಹಿಂದಿನದಕ್ಕೇ. ಅಗಲ ಎರಡೂ 40. ಇದಕ್ಕಿಂತ ಅಗಲದ್ದು ಬೇಕೆನ್ನುವವರು ಮೊದಲು ಫ್ರೇಮಿನಲ್ಲಿ ಜಾಗ ಅಳೆಯಿರಿ. ಎರಡು ಬದಿಗೂ ನಾಲ್ಕು ಮಿಮೀ ಆದರೂ ಉಳಿಯದಿದ್ದರೆ ಮಳೆಗಾಲದ ಕಪ್ಪು ಮಣ್ಣು ಅಂಟಿ ಚಕ್ರವೇ ತಿರುಗುವುದಿಲ್ಲ. ರಿಮ್ಮಿನ ಮೇಲೂ ಟ್ಯೂಬ್‌ಲೆಸ್ ಎಂದು ಬರೆದಿರಬೇಕು, ಮರೆಯಬೇಡಿ.

ಟ್ಯೂಬು ಇಲ್ಲದ್ದರಿಂದ ಗಾಳಿಯನ್ನೂ ಕಡಿಮೆ ಇಡಬಹುದು. ನನ್ನ ತೂಕಕ್ಕೆ ಮುಂದೆ 28, ಹಿಂದೆ 31 ಪಿಎಸ್‌ಐ. ಟ್ಯೂಬಿದ್ದಾಗ ಇಷ್ಟು ಕಡಿಮೆ ಇಟ್ಟು ಕಲ್ಲಿಗೆ ಹೊಡೆದಿದ್ದರೆ ರಿಮ್ಮಿನ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತಿತ್ತು. ಟೈರು ಮೆತ್ತಗಿದ್ದರೆ ಕಲ್ಲಿನ ಮೇಲೆ ಮಡಚಿಕೊಂಡು ಹೋಗುತ್ತದೆ, ಕೈ ಮರಗಟ್ಟುವುದಿಲ್ಲ.

ಹಿಂದಿನ ಟೈರಿಗೆ ನಾಲ್ಕು ಸಾವಿರ ಚಿಲ್ಲರೆ ಆಯಿತು. ರಜೆಗೆ ಹೋದಾಗ ಅಪ್ಪನಿಗೆ ಹೇಳಿದೆ. “ಸ್ಕೂಟರಿನ ಟೈರು ಅದರ ಅರ್ಧಕ್ಕೆ ಸಿಗ್ತದಲ್ಲ,” ಅಂದರು. ಆಮೇಲೆ ತೂಕ ಕೇಳಿದರು. ಅರ್ಧ ಕಿಲೋ ಮೇಲೆ ಸ್ವಲ್ಪ ಅಂದೆ. ನಮ್ಮಲ್ಲಿ ಶೀಟಿಗೆ ಕಿಲೋಗೆ ಇನ್ನೂರು ರೂಪಾಯಿ ಸಿಕ್ಕಿದ ದಿನ ಮನೆಯಲ್ಲಿ ಪಾಯಸ. ಅದಕ್ಕೂ ಮಳೆ ನಿಲ್ಲಬೇಕು, ಟ್ಯಾಪಿಂಗಿನವರು ಬರಬೇಕು, ಹೊಗೆಗೂಡಿನಲ್ಲಿ ಶೀಟು ಒಣಗಬೇಕು. ಅಪ್ಪ ಮನಸ್ಸಿನಲ್ಲೇ ಗುಣಾಕಾರ ಮಾಡುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು. ಎಲ್ಲವೂ ನಮ್ಮ ರಬ್ಬರಲ್ಲ, ಅದರಲ್ಲಿ ಕೃತಕ ರಬ್ಬರು ಉಂಟು, ನೈಲಾನ್ ಉಂಟು ಎಂದು ಸಮಾಧಾನ ಹೇಳಹೋದೆ. “ಅದು ಬಿಡು. ಮುಳ್ಳು ತಾಗುದಿಲ್ಲ ಅಲ್ವಾ?” ಅಂದರು. ತಾಗುತ್ತದೆ, ಆದರೆ ನಿಲ್ಲಬೇಕಾಗುವುದಿಲ್ಲ ಅಂದೆ. “ಹಾಗಾದ್ರೆ ಹೋಗ್ಲಿ,” ಅಂದರು. ಹಾಲಿನವರ ಕತೆ ನಾನು ಊರಲ್ಲಿ ಹೇಳಿರಲಿಲ್ಲ. ಅಪ್ಪ ಅಷ್ಟು ಬೇಗ ಒಪ್ಪಿದ್ದು ಯಾಕೆ ಎಂದು ಈಗಲೂ ಆಗಾಗ ಯೋಚಿಸುತ್ತೇನೆ.

ಮುಳ್ಳು ಕಂಡ ಕೂಡಲೇ ಕೀಳುವ ಆಸೆಯಾಗುತ್ತದೆ. ಗಾಳಿ ಹೋಗುತ್ತಿಲ್ಲವಾದರೆ ಮನೆಗೆ ಬರುವವರೆಗೆ ಮುಟ್ಟಬೇಡಿ, ಅದೇ ಬಿರಡೆ. ಗಾಳಿ ಹೋಗುತ್ತಿದ್ದರೆ ಮುಳ್ಳು ತೆಗೆದು, ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ನಿಲ್ಲಿಸಿ, ಹಾಲು ಅಲ್ಲಿಗೆ ಇಳಿಯುತ್ತದೆ. ಐದಾರು ಮಿಮೀ ದಾಟಿದ ಸೀಳಿಗೆ ಹಾಲು ಸಾಲದು, ಪ್ಲಗ್ ತುರುಕಬೇಕು. ಸೈಕಲ್ಲಿನ ಪ್ಲಗ್ಗು ದುಬಾರಿ. ನಮ್ಮ ಬಡಾವಣೆಯಲ್ಲಿ “ಪಂಕ್ಚರ್ ಕಾಢೂನ್ ಮಿಳೇಲ್” ಬೋರ್ಡಿನ ಅಂಗಡಿಯವರು ಕಾಸರಗೋಡಿನವರು. ಸುಳ್ಯ ಎಂದ ಕೂಡಲೇ ನನಗೆ ಸ್ಟೂಲು ಹಾಕಿದರು. ಮೋಟರ್ ಬೈಕಿನ ಪ್ಲಗ್ಗಿನ ಪಟ್ಟಿ ಸೈಕಲ್ಲಿಗೆ ದಪ್ಪ, ಅದನ್ನು ಉದ್ದಕ್ಕೆ ಸೀಳಿ ಎರಡು ಮಾಡಿದರೆ ಸರಿ ಎಂದು ಬ್ಲೇಡಿನಿಂದ ಕೊಯ್ದು ತೋರಿಸಿದವರು ಅವರೇ. ಹೊಸ ಟೈರು ಕೂರಿಸುವಾಗ ಅವರ ಕಂಪ್ರೆಸರೇ ಬೇಕಾಯಿತು. ಕೈಪಂಪಿಗೆ ಆ ರಭಸ ಇಲ್ಲ. ಟಪ್, ಟಪ್ ಎಂದು ಅಂಚು ಕೂತ ಸದ್ದಿಗೆ ಬೀದಿನಾಯಿ ಎದ್ದು ಓಡಿತು. ದುಡ್ಡು ತಗೊಳ್ಳಲಿಲ್ಲ. “ಮಳೆ ಹೇಗೆ ಅಲ್ಲಿ?” ಎಂದಷ್ಟೇ ಕೇಳಿದರು.

ಒಂದು ವಿಷಯ ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ಯಾವುದೂ ಕೆಲಸ ಮಾಡದ ದಿನಕ್ಕೆಂದು ಬ್ಯಾಗಿನಲ್ಲಿ ಒಂದು ಟ್ಯೂಬು ಇರಲೇಬೇಕು. ಅದನ್ನು ಹಾಕುವ ಮೊದಲು ಟೈರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಸವರಿ. ತಿಂಗಳುಗಟ್ಟಲೆ ಹಾಲು ಮುಚ್ಚಿಟ್ಟ ಮುಳ್ಳುಗಳೆಲ್ಲ ಅಲ್ಲಿ ತುದಿ ಚಾಚಿಕೊಂಡು ಕೂತಿರುತ್ತವೆ. ಟ್ಯೂಬು ಉಬ್ಬಿದ ಕೂಡಲೇ ಅಷ್ಟೂ ಒಟ್ಟಿಗೆ ಚುಚ್ಚುತ್ತವೆ. ಕಳೆದ ಚಳಿಗಾಲದಲ್ಲಿ ಟೈರು ಬಿಚ್ಚಿದಾಗ ನಾನು ಹದಿಮೂರು ಎಣಿಸಿದೆ. ಅಷ್ಟೂ ಸಲ ನಾನು ನಿಲ್ಲದೆ ಮನೆಗೆ ಬಂದಿದ್ದೆ.

ಹಾಲು ಒಳಗೆ ಒಣಗುತ್ತದೆ, ನಮ್ಮ ಸೆಖೆಗೆ ಇನ್ನೂ ಬೇಗ. ಎರಡು ಮೂರು ತಿಂಗಳಿಗೊಮ್ಮೆ ವಾಲ್ವಿನ ತಿರುಳು ಬಿಚ್ಚಿ ತುಂಬುತ್ತೇನೆ, ತಾರೀಕನ್ನು ಮಾರ್ಕರಿನಿಂದ ರಿಮ್ಮಿನ ಮೇಲೇ ಬರೆಯುತ್ತೇನೆ. ನಿನ್ನೆ ತುಂಬಿದೆ. ಚಕ್ರ ಅಲ್ಲಾಡಿಸಿದರೆ ಒಳಗೆ ಕುಲುಕುವ ಸದ್ದು ಕೇಳುತ್ತದೆ. ನಾಳೆ ಬೆಳಿಗ್ಗೆ ಜೇಜುರಿ ಕಡೆ, ಐದಕ್ಕೆ. ಅಮ್ಮನಿಗೆ ಏಳು ಗಂಟೆ ಎಂದು ಹೇಳಿದ್ದೇನೆ.