ಚಿನ್ನದ ಊರಿನ ಹುಳಿ ಮೀನು

ಕೆ.ಜಿ.ಎಫ್. ಅಂದ ಕೂಡಲೇ ನಿಮಗೆ ಚಿನ್ನದ ಗಣಿ ನೆನಪಾಗುತ್ತದೆ, ಅಲ್ಲವೇ? ಆ ಊರಿನ ಅಡುಗೆಮನೆಯಲ್ಲೂ ನಾವು ಕಲಿಯುವಂಥದ್ದು ಇದೆ. ಅದು ಹುಳಿ ಹಾಕಿದ ಮೀನಿನ ಸಾರು.

ಬೆಂಗಳೂರಿನಿಂದ ಚೆನ್ನೈ ಕಡೆಗೆ ರೈಲು ಹತ್ತಿದರೆ ಬಂಗಾರಪೇಟೆ ಜಂಕ್ಷನ್ ಸಿಗುತ್ತದೆ. ಹಿಂದೆ ಇದರ ಹೆಸರು ಬೌರಿಂಗ್‌ಪೇಟೆ. ಗಣಿಗಾಗಿ 1894ರಲ್ಲಿ ಹಾಕಿದ ಕವಲು ದಾರಿ ಇಲ್ಲಿಂದ ಕೋರಮಂಡಲ್, ಉರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂಗೆ ಹೋಗುತ್ತದೆ. ಗಣಿ ಕೆಲಸಕ್ಕೆ ತಮಿಳರು, ತೆಲುಗರು ಬಂದು ಸೇರಿದ ಊರು. ಹಾಗಾಗಿ ಒಂದು ಮನೆಯಲ್ಲಿ ಮೀನ್ ಕೊಳಂಬು, ಪಕ್ಕದ ಮನೆಯಲ್ಲಿ ಚೇಪಲ ಪುಲುಸು, ನಮ್ಮವರಲ್ಲಿ ಮೀನಿನ ಸಾರು. ಹೆಸರು ಮೂರಾದರೂ ಹುಣಸೆಹಣ್ಣು ಒಂದೇ!

ಸಮುದ್ರವಿಲ್ಲದ ಕೋಲಾರ ಜಿಲ್ಲೆಗೆ ಎಲ್ಲಿಯ ಮೀನು ಅಂತೀರಾ? ಇದು ಕೆರೆಗಳ ಸೀಮೆ. ಆದರೆ ಕೆರೆಯಲ್ಲಿ ಸಾಕುವ ಕಾಟ್ಲಾ, ರೋಹು ಮೂಲತಃ ಗಂಗೆಯ ಕಡೆಯವು. 1957ರಲ್ಲಿ ಕಟಕ್‌ನಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಇಂಥ ಮೀನುಗಳಿಗೆ ಮೊಟ್ಟೆ ಇಡಿಸಿದ ಮೇಲೆ, ಮರಿಗಳು ದೇಶದ ಕೆರೆಗಳಿಗೆಲ್ಲ ಸುಲಭವಾಗಿ ಸಿಗತೊಡಗಿದವು.

ಬೇಕಾಗುವುದು: ಕಾಟ್ಲಾ ಅಥವಾ ರೋಹು ಅರ್ಧ ಕಿಲೋ, ನಿಂಬೆ ಗಾತ್ರದ ಹುಣಸೆಹಣ್ಣು, ಟೊಮೇಟೊ 2, ಸಣ್ಣ ಈರುಳ್ಳಿ 10, ಬೆಳ್ಳುಳ್ಳಿ 8 ಎಸಳು, ಖಾರದ ಪುಡಿ 2 ಚಮಚ, ಧನಿಯಾ ಪುಡಿ 3 ಚಮಚ, ಅರಿಸಿನ, ಮೆಂತ್ಯ, ಕರಿಬೇವು, ಎಣ್ಣೆ, ಉಪ್ಪು.

ಮಣ್ಣಿನ ಚಟ್ಟಿಯಲ್ಲಿ ಎಣ್ಣೆ ಕಾಯಿಸಿ, ಮೆಂತ್ಯ, ಕರಿಬೇವು ಹಾಕಿ. ಈರುಳ್ಳಿ, ಬೆಳ್ಳುಳ್ಳಿ, ಟೊಮೇಟೊ ಬಾಡಿಸಿ. ಪುಡಿಗಳನ್ನು ಹಾಕಿ, ಹುಣಸೆ ರಸ, ನೀರು, ಉಪ್ಪು ಸೇರಿಸಿ. ಹಸಿ ವಾಸನೆ ಹೋಗುವಷ್ಟು ಕುದಿಸಿದ ಮೇಲೇ ಮೀನು ಬಿಡಿ. ಹತ್ತು ನಿಮಿಷ ಸಣ್ಣ ಉರಿ ಸಾಕು. ಸೌಟು ಹಾಕಿ ಕಲಕಬೇಡಿ, ತುಂಡು ಒಡೆದೀತು. ಬಟ್ಟೆಯಿಂದ ಚಟ್ಟಿ ಹಿಡಿದು ಮೆಲ್ಲನೆ ಆಡಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ.

ಬಂಗಾಳದ ರುಚಿ ನೋಡುವ ಆಸೆಯೇ? ಅಲ್ಲಿಯವರು ಇದೇ ಮೀನಿಗೆ ಅರಿಸಿನ, ಉಪ್ಪು ಸವರಿ ಸಾಸಿವೆ ಎಣ್ಣೆಯಲ್ಲಿ ಹುರಿಯುತ್ತಾರೆ. ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆಗೆ ಹುಣಸೆ ರಸ ಬಿಟ್ಟು, ಸ್ವಲ್ಪ ಸಿಹಿ ಸೇರಿಸಿ, ಅದರಲ್ಲಿ ಮೀನು ಕುದಿಸುತ್ತಾರೆ. ಧನಿಯಾ, ಬೆಳ್ಳುಳ್ಳಿ ಬೇಡ. ಅವರಿಗಿದು ‘ಟಕ್’, ಊಟದ ಕೊನೆಯಲ್ಲಿ ಆರಿಸಿ ಬಡಿಸುವುದು. ನಮಗಾದರೋ ಬಿಸಿ ರಾಗಿಮುದ್ದೆಗೇ ಹುಳಿ ಬೇಕು!

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಂಬಳ ನಿಂತ ಮನೆಗಳಿಂದ ಗಂಡಸರು, ಹೆಣ್ಣುಮಕ್ಕಳು ಬೆಳಗಿನ ರೈಲಿಗೆ ಬೆಂಗಳೂರಿನ ಕೆಲಸಕ್ಕೆ ಹೊರಟರು. ಈಗಲೂ ಹೋಗುತ್ತಾರೆ. ಮುಂಜಾನೆ ಒಲೆ ಹಚ್ಚಲು ಹೊತ್ತೆಲ್ಲಿ? ಅಂಥ ಮನೆಗೆ ಈ ಸಾರು ದೊಡ್ಡ ಆಸರೆ. ರಾತ್ರಿ ಮಾಡಿದ್ದು ಮರುದಿನಕ್ಕೆ ಇನ್ನೂ ರುಚಿ, ಹುಳಿ ತುಂಡಿನೊಳಕ್ಕೆ ಇಳಿದಿರುತ್ತದೆ. ಆರಿದ ಕೂಡಲೇ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಚೆನ್ನಾಗಿ ಕುದಿಸಿ ಡಬ್ಬಿಗೆ ಹಾಕಿ. ಅರ್ಧ ಕಿಲೋ ಮೀನು ಎರಡು ಹೊತ್ತಿಗೆ ಬರಬೇಕೆಂದರೆ ರಸ ತುಸು ಹೆಚ್ಚೇ ಇರಲಿ. ಮೊದಲು ಮಕ್ಕಳಿಗೆ ಮುಳ್ಳು ಬಿಡಿಸಿ ಕೊಟ್ಟು, ನಿಮಗೂ ಒಂದು ತುಂಡು ಎತ್ತಿಟ್ಟುಕೊಳ್ಳುವುದನ್ನು ಮರೆಯಬೇಡಿ.