ಈರನಗೆರೆ ಬದನೆ ಮತ್ತು ಅತ್ತೆಯ ಮಂಡಿ

ಒಂಟಿಕೊಪ್ಪಲಿನ ನಮ್ಮ ಬೀದಿಗೆ ಆಗ ಇದ್ದದ್ದು ಒಬ್ಬರೇ ಡಾಕ್ಟರು. ಶೀಶೆ ನಾವೇ ತೊಳೆದು ಒಯ್ಯಬೇಕು. ಕಾಂಪೌಂಡರ್ ಅದಕ್ಕೆ ಗುಲಾಬಿ ಬಣ್ಣದ ಮಿಕ್ಸ್ಚರ್ ತುಂಬಿ, ಕಾಗದದ ಪಟ್ಟಿಯ ಅಂಚನ್ನು ಕಚ್ಚುಕಚ್ಚಾಗಿ ಕತ್ತರಿಸಿ ಗೋಂದು ಹಚ್ಚಿ ಅಂಟಿಸುತ್ತಿದ್ದ. ಕಚ್ಚಿಗೊಂದು ಹೊತ್ತಿನ ಔಷಧಿ. ಕೆಮ್ಮಿಗೂ ಹೊಟ್ಟೆನೋವಿಗೂ ಅದೇ ಗುಲಾಬಿ ಎಂಬ ಗುಮಾನಿ ನನಗೆ ಇವತ್ತಿಗೂ ಇದೆ. ಡಾಕ್ಟರಿಗೆ ದುಡ್ಡಿನಾಸೆ ಇರಲಿಲ್ಲವೆಂದಲ್ಲ. ಹೆಚ್ಚು ಕಿತ್ತರೆ ಶನಿವಾರ ವೆಂಕಟರಮಣಸ್ವಾಮಿ ದೇವಸ್ಥಾನದಲ್ಲಿ ಅಪ್ಪ ಎದುರಾಗುತ್ತಿದ್ದರಲ್ಲ!

ಈಗ ಆಸ್ಪತ್ರೆಗಳಿಗೇನು ಬರ? ಅತ್ತೆಯ ಮಂಡಿ ಸವೆದಾಗ ‘ಆಯ್ಕೆ ನಿಮ್ಮದು’ ಎಂದು ಒಂದು ಕಡೆ ಬಣ್ಣದ ಪುಸ್ತಿಕೆ ಕೊಟ್ಟರು. ಈರನಗೆರೆ ಬದನೆಯನ್ನು ಒತ್ತಿ, ತೊಟ್ಟು ತಿರುವಿ, ಹುಳುಕಿನ ತೂತು ಹುಡುಕದೆ ಬುಟ್ಟಿಗೆ ಹಾಕದ ಅತ್ತೆ ಆ ಮಂಡಿಗಳ ಚಿತ್ರ ನೋಡಿ ಸುಮ್ಮನಾದರು. ಕೊಳ್ಳುವವನಿಗಿಂತ ಮಾರುವವನಿಗೇ ಎಲ್ಲ ತಿಳಿದಿರುವ ವೈದ್ಯಕೀಯ ಉಳಿದ ಪೇಟೆಯಂತಲ್ಲ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ಬರೆದಿದ್ದರು. ಅತ್ತೆಗೆ ಅದು ಕೌಂಟರಿನಲ್ಲೇ ಹೊಳೆಯಿತು.

ಸರ್ಕಾರ ಸುಮ್ಮನೆ ಕೂತಿಲ್ಲ. 2017ರ ಆಗಸ್ಟಿನಲ್ಲಿ ಕೃತಕ ಮಂಡಿಗೆ ಕೇಂದ್ರ ಬೆಲೆ ಕಟ್ಟಿತು: ಕೋಬಾಲ್ಟ್ ಕ್ರೋಮಿಯಂನದಕ್ಕೆ 54,720 ರೂಪಾಯಿ, ಜಿಎಸ್‌ಟಿ ಬೇರೆ. ಅಲ್ಲಿ ಹೋದದ್ದು ಓಟಿ ಚಾರ್ಜಿನಲ್ಲಿ ವಾಪಸು ಬಂತೇ ಎಂದು ಬಿಲ್ಲು ಓದಿ ಹೇಳುವ ವಿದ್ಯೆ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಮಾತ್ರ ಖಾಸಗಿಯವರಿಗೆ ಚೀಟಿ. ಬೇಡದ ಆಪರೇಷನ್ನಿಗೆ ಇದಕ್ಕಿಂತ ಒಳ್ಳೆಯ ಅಡ್ಡಗೋಡೆ ನನಗೆ ಕಾಣದು. ಆದರೆ ಮಂಡಿ ಹಿಡಿದುಕೊಂಡವರು ಆ ಗೋಡೆ ಹತ್ತಿ ಇಳಿಯುವಷ್ಟರಲ್ಲಿ, ಪಾಪ!

ಅತ್ತೆಗೆ ಮಗನ ಕಂಪನಿಯ ಇನ್ಶೂರೆನ್ಸ್ ಇತ್ತು. ಯಾವ ಮಂಡಿ ಅನ್ನುವುದನ್ನು ಡಾಕ್ಟರು, ಯಾವ ರೂಮು ಅನ್ನುವುದನ್ನು ಪಾಲಿಸಿ, ಎಷ್ಟು ರಾತ್ರಿ ಅನ್ನುವುದನ್ನು ಫೋನಿನಲ್ಲಿದ್ದ ಯಾರೋ ಹುಡುಗಿ ತೀರ್ಮಾನಿಸಿದರು. ಅತ್ತೆ ಚೀಲದಿಂದ ಒಂಟಿಕೊಪ್ಪಲ್ ಪಂಚಾಂಗ ತೆಗೆದರು.

‘ಮಂಗಳವಾರ ಅಂದ್ರಲ್ಲ, ಮೂರರಿಂದ ನಾಲ್ಕೂವರೆ ರಾಹುಕಾಲ. ಅದು ಬಿಟ್ಟು ಯಾವಾಗ ಬೇಕಾದ್ರೂ ಮಾಡಿಕೊಳ್ಳಿ ಡಾಕ್ಟ್ರೇ.’

ಡಾಕ್ಟರು ನಗುತ್ತಾ ಒಪ್ಪಿದರು. ಮಾವನವರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: ‘ಆ ಒಂದೂವರೆ ಗಂಟೆ ಓಟಿ ಖಾಲಿ ಬಿಟ್ರೆ ಅದಕ್ಕೂ ಬಿಲ್ಲು ಹಾಕ್ತಾರೇನೋ?’